ಕೆಂಪು ಮಾತ್ರೆಯ ಪಾಲು

ನನ್ನ ಓರಗಿತ್ತಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚಿತ್ತು. ಇದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ಅವಳು ನನ್ನ ಮೈದುನನ ಹೆಂಡತಿಯಾಗಿ ಉದ್ದನಪಲ್ಲಿಯ ನಮ್ಮ ಮನೆಗೆ ಬಂದ ದಿನ, ಹೊಸ್ತಿಲಿನ ಅಕ್ಕಿ ಸೇರನ್ನು ಒದೆಯಲು ಪಾದ ಎತ್ತಿದಾಗ, ಆ ಹಿಮ್ಮಡಿ ನೋಡಿಯೇ ನನ್ನ ಹೊಟ್ಟೆಯೊಳಗೆ ಒಲೆ ಹತ್ತಿಕೊಂಡಿತು. ಅದರಲ್ಲಿ ಒಂದು ಬಿರುಕಿರಲಿಲ್ಲ. ನನ್ನ ಹಿಮ್ಮಡಿಯಲ್ಲಿ ರಾಗಿ ಬಿತ್ತಬಹುದಿತ್ತು.

ಅವಳು ಹೊಸೂರು ಪೇಟೆಯವಳು, ಮೇಷ್ಟರ ಮಗಳು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದು ತಮಿಳಿನಲ್ಲಿ. ನಾನು ಕನ್ನಡ ಶಾಲೆಯಲ್ಲಿ ಎಂಟನೆಯ ಕ್ಲಾಸು ಮುಗಿಸಿ ಸೀರೆ ಉಟ್ಟವಳು. ತಮಿಳು ಆಡಿದರೆ ಅರ್ಥವಾಗುತ್ತಿತ್ತು, ತಿರುಗಿ ಆಡಲು ನಾಲಿಗೆ ಹೊರಳುತ್ತಿರಲಿಲ್ಲ. ನನ್ನ ಯಜಮಾನರು ಹೊಲ ನೋಡಿಕೊಂಡಿದ್ದರು. ಅವಳ ಗಂಡ ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಫಿಟ್ಟರ್. ಎಂಬತ್ತರ ಆಸುಪಾಸಿನಲ್ಲಿ ನಮ್ಮ ಕಡೆ ಫ್ಯಾಕ್ಟರಿಯ ನೀಲಿ ಬಟ್ಟೆ ತೊಟ್ಟು ಬಸ್ಸು ಹತ್ತುವವನೆಂದರೆ ತಹಸೀಲ್ದಾರನಿಗೆ ಸಮ. ಅವನು ಶಿಫ್ಟು ಮುಗಿಸಿ ಬರುವ ಹೊತ್ತಿಗೆ ಅವಳು ಮುಖ ತೊಳೆದು ಬಾಗಿಲಲ್ಲಿ ನಿಲ್ಲುವಳು. ನಾನು ಸಗಣಿ ಕೈಯಲ್ಲಿ ಕೊಟ್ಟಿಗೆಯಿಂದ ಅದನ್ನು ನೋಡುವೆನು.

ನಮ್ಮತ್ತೆಯ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಅವರ ಅತ್ತೆ ಅವರ ಕಾಲದಲ್ಲಿ ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಹಚ್ಚಿದ್ದರಂತೆ. ಹಿರಿಸೊಸೆಗೆ ಗಟ್ಟಿ ಮೊಸರು, ಇವರಿಗೆ ನೀರು ಮಜ್ಜಿಗೆ. ಅದನ್ನು ಸಾಯುವವರೆಗೂ ಮರೆಯದ ನಮ್ಮತ್ತೆ, ತಮ್ಮ ಮನೆಯಲ್ಲಿ ಇಬ್ಬರು ಸೊಸೆಯರಿಗೂ ಎಲ್ಲದರಲ್ಲೂ ಸಮಪಾಲು ಎಂದು ಹಟ ಹಿಡಿದಿದ್ದರು. ಸಂತೆಯಿಂದ ಹೂ ತಂದರೆ ಮೊಳ ಹಾಕಿ ನಡುವಿಗೆ ಕತ್ತರಿಸುವರು. ಸೀರೆ ತಂದರೆ ಒಂದೇ ಬಣ್ಣ, ಒಂದೇ ಅಂಚು. ಒಬ್ಬಟ್ಟು ಒಂದು ಹೆಚ್ಚಾಗಿ ಉಳಿದರೆ ಅದನ್ನು ಮುರಿದು ಎರಡು ತಟ್ಟೆಗೆ ಹಾಕಿ, ಹೂರಣ ಯಾವ ಕಡೆ ಜಾಸ್ತಿ ಹೋಯಿತೆಂದು ಬಗ್ಗಿ ನೋಡುವರು. ಊರಿನಲ್ಲಿ ಇದಕ್ಕೇ ಅವರಿಗೆ ಹೆಸರು. ಹೆಣ್ಣು ಕೊಡುವವರು ಅಂಥ ಅತ್ತೆ ಸಿಗಬೇಕು ಅನ್ನುತ್ತಿದ್ದರು. ನನಗೆ ಮಾತ್ರ ಆ ಸಮಪಾಲೇ ನುಂಗಲಾರದ ತುತ್ತು. ಆರು ವರ್ಷ ಮೊದಲು ಬಂದು, ಆರು ವರ್ಷ ಹೆಚ್ಚಿಗೆ ಮುದ್ದೆ ತೊಳಸಿದವಳು ನಾನು. ನೆನ್ನೆ ಬಂದವಳಿಗೂ ನನಗೂ ಅಷ್ಟೇ ಹೂವೇ?

ಅವಳು ಬಂದ ಎರಡನೆಯ ವರ್ಷ ನನಗೆ ಕೆಮ್ಮು ಹತ್ತಿತು. ಸಂಜೆಯಾದರೆ ಮೈ ಬೆಚ್ಚಗಾಗುವುದು, ಬೆಳಗಿನ ಜಾವ ರವಿಕೆ ಒದ್ದೆಯಾಗುವಷ್ಟು ಬೆವರು. ಅವಳೂ ಕೆಮ್ಮುತ್ತಿದ್ದಳು, ನನಗಿಂತ ಮೊದಲಿನಿಂದಲೂ, ಸೆರಗು ಬಾಯಿಗಿಟ್ಟು. ಮೈದುನ ಇಬ್ಬರನ್ನೂ ಹೊಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ಮೂರು ದಿನ ಡಬ್ಬಿಯಲ್ಲಿ ಕಫ ಕೊಟ್ಟೆವು, ಎಕ್ಸ್‌ರೇ ತೆಗೆಸಿದೆವು. ಇಬ್ಬರಿಗೂ ಟೀಬಿ.

ಡಾಕ್ಟರು ಎರಡು ಎಕ್ಸ್‌ರೇಗಳನ್ನೂ ದೀಪದ ಮುಂದೆ ಪಕ್ಕಪಕ್ಕ ಸಿಕ್ಕಿಸಿದರು. ನನ್ನದರಲ್ಲಿ ಬಲಗಡೆ ಮೇಲೆ ಅವರೆಕಾಳಿನಷ್ಟು ಮಸುಕು. ಅವಳದರಲ್ಲಿ ಎರಡು ಕಡೆಯೂ ಮಂಜು ಕವಿದಂತೆ ಬೆಳ್ಳಗೆ, ಎಡಗಡೆ ಕೋಳಿಮೊಟ್ಟೆಯಷ್ಟು ಒಂದು ಕುಳಿ. ಅವರು ಪಕ್ಕದ ಕೋಣೆಯಿಂದ ಇನ್ನಿಬ್ಬರು ಚಿಕ್ಕ ಡಾಕ್ಟರುಗಳನ್ನು ಕರೆದು ಅವಳದನ್ನು ಬೆರಳಿಟ್ಟು ತೋರಿಸಿದರು. ನನ್ನದನ್ನು ಯಾರೂ ನೋಡಲಿಲ್ಲ, ತೆಗೆದು ಕವರಿನಲ್ಲಿ ಹಾಕಿಬಿಟ್ಟರು. ಹೇಳಿದರೆ ನಗುತ್ತೀರಿ, ಆಗಲೂ ನನಗೆ ಹೊಟ್ಟೆ ಉರಿಯಿತು. ರೋಗದಲ್ಲೂ ಅವಳದೇ ದೊಡ್ಡದು!

ಆಮೇಲೆ ಡಾಕ್ಟರು ಅವಳನ್ನು ತಮಿಳಿನಲ್ಲಿ ಕೇಳಿದರು, ಮೊದಲೇ ಎಲ್ಲಾದರೂ ಇದಕ್ಕೆ ಸೂಜಿ ಹಾಕಿಸಿಕೊಂಡಿದ್ದೆಯಾ ಎಂದು. ಅವಳು ತಲೆ ತಗ್ಗಿಸಿದಳು. ಗಂಡ ಅವಳ ಮುಖ ನೋಡಿದ, ನಾನೂ ನೋಡಿದೆ. ಮದುವೆಗೆ ಮುಂಚೆಯೇ ಅವಳಿಗೆ ಇದು ಬಂದಿತ್ತು. ಮೂರು ತಿಂಗಳು ದಿನಾ ಸೂಜಿ ಚುಚ್ಚಿಸಿಕೊಂಡು, ಬಿಳಿ ಮಾತ್ರೆ ನುಂಗಿ, ಜ್ವರ ಬಿಟ್ಟಿತ್ತು. ಅಷ್ಟರಲ್ಲಿ ನಮ್ಮ ಮನೆಯ ಸಂಬಂಧ ಕೂಡಿಬಂತು. ಮದುವೆ ಗೊತ್ತಾದ ಹುಡುಗಿ ದಿನಾ ಟೀಬಿ ಸೂಜಿಯ ಸಾಲಿನಲ್ಲಿ ನಿಂತರೆ ಯಾರಾದರೂ ನೋಡಿಯಾರು ಎಂದು ಅವಳ ಮನೆಯವರು ಅಲ್ಲಿಗೇ ನಿಲ್ಲಿಸಿದರು. ಒಂದೂವರೆ ವರ್ಷ ತೆಗೆದುಕೊಳ್ಳಬೇಕಾದ್ದು ಮೂರೇ ತಿಂಗಳಿಗೆ ಮುಗಿಯಿತು.

"ಹುಳು ಪೂರ್ತಿ ಸಾಯಲಿಲ್ಲ, ಪೆಟ್ಟು ತಿನ್ನೋದನ್ನ ಕಲಿತುಕೊಂಡಿದೆ," ಎಂದರು ಡಾಕ್ಟರು. "ಸೂಜಿಗೂ ಬಿಳಿ ಮಾತ್ರೆಗೂ ಇದು ಇನ್ನು ಬಗ್ಗಲ್ಲ. ಕೆಂಪು ಮಾತ್ರೆ ಕೊಡಬೇಕು. ಅದನ್ನ ಒಂದು ದಿನವೂ ತಪ್ಪಿಸಬಾರದು. ಇದೂ ಕೈಕೊಟ್ಟರೆ ನನ್ನ ಹತ್ತಿರ ಬೇರೆ ಇಲ್ಲ."

ಮಾತು ಮುಗಿಯಿತು. ನನಗೆ ಸರ್ಕಾರದ ಸೂಜಿ, ಸರ್ಕಾರದ ಬಿಳಿ ಮಾತ್ರೆ. ಅವಳಿಗೆ ಕೆಂಪು ಮಾತ್ರೆ, ಅದೂ ಗಂಡನ ಫ್ಯಾಕ್ಟರಿಯ ಕಡೆಯಿಂದ, ಜೊತೆಗೆ ಇನ್ನೆರಡು ಬಗೆ. ಫ್ಯಾಕ್ಟರಿಯವರು ಕೊಡುವುದು ಕೆಲಸಗಾರನ ಹೆಂಡತಿಗೆ ಮಾತ್ರ, ಅತ್ತಿಗೆಗಲ್ಲ.

ನಾನು ದಿನಾ ಬೆಳಿಗ್ಗೆ ಊರಾಚೆಯ ಆರೋಗ್ಯ ಕೇಂದ್ರಕ್ಕೆ ನಡೆದು ಹೋಗಿ ಸೂಜಿ ಹಾಕಿಸಿಕೊಂಡು, ಸೊಂಟ ಹಿಡಿದುಕೊಂಡು ಬರುವೆನು. ನನ್ನ ಮಾತ್ರೆಗಳು ಸುಣ್ಣದ ಬಿಲ್ಲೆಗಳಂತೆ ಒಂದು ಹಳೆಯ ಡಬ್ಬದಲ್ಲಿ ಬಿದ್ದಿರುತ್ತಿದ್ದವು. ಅವಳದು ಗಾಜಿನ ಸೀಸೆ, ಒಳಗೆ ಹತ್ತಿ, ಹತ್ತಿಯ ಕೆಳಗೆ ದಾಳಿಂಬೆ ಬೀಜದಂತೆ ಹೊಳೆಯುವ ಮಾತ್ರೆ. ಎರಡನ್ನೂ ಅತ್ತೆ ಅಡುಗೆಮನೆಯ ಗೂಡಿನಲ್ಲಿ ಇಟ್ಟು, ಬೆಳಿಗ್ಗೆ ತಾವೇ ಎಣಿಸಿ ನಮ್ಮಿಬ್ಬರ ಅಂಗೈಗೆ ಹಾಕುತ್ತಿದ್ದರು. ತಿಂಗಳು ಕಳೆಯುವಷ್ಟರಲ್ಲಿ ಅವಳ ಕೆಮ್ಮು ಕಮ್ಮಿಯಾಯಿತು, ಕೆನ್ನೆ ತುಂಬಿತು. ನನಗೂ ವಾಸಿಯಾಗುತ್ತಿತ್ತು, ಆದರೆ ನಾನು ನನ್ನ ಕೆನ್ನೆ ನೋಡಿಕೊಳ್ಳುತ್ತಿರಲಿಲ್ಲವಲ್ಲ. ನಾನು ನೋಡುತ್ತಿದ್ದುದು ಅವಳದನ್ನು.

ಒಂದು ಬೆಳಿಗ್ಗೆ ಬಿಳಿ ಮಾತ್ರೆಗಳನ್ನು ಅತ್ತೆಯ ಕಾಲ ಬಳಿ ಎಸೆದೆ.

"ಅವ್ಳಿಗೆ ಕೆಂಪು, ನಂಗೆ ಸುಣ್ಣದ ಚೂರು! ನಾನೇನು ಈ ಮನೆ ಸೊಸೆ ಅಲ್ವಾ? ರೋಗ ಬಚ್ಚಿಟ್ಕಂಡು ಬಂದು ನಂಗಂಟಿಸ್ದೋಳಿಗೆ ಒಳ್ಳೇ ಔಷ್ದಿ, ಅಂಟಿಸ್ಕಂಡೋಳ್ಗೆ ಸರ್ಕಾರದ್ದು. ಇದೇನಾ ಅತ್ತೆ ನಿಮ್ಮ ಸಮಪಾಲು?"

ಅತ್ತೆಯ ಮುಖ ಬಿಳಿಚಿಕೊಂಡಿತು. ಅವರನ್ನು ಬೇರೆ ಯಾವ ಮಾತು ಆಡಿದ್ದರೂ ನಕ್ಕು ಬಿಡುತ್ತಿದ್ದರು. ಎಲ್ಲಿ ಹೊಡೆದರೆ ನೋಯುತ್ತದೆ ಎಂದು ನನಗೆ ಗೊತ್ತಿತ್ತು, ಅಲ್ಲಿಗೇ ಹೊಡೆದೆ. ಆ ದಿನವಿಡೀ ನಾನು ಊಟ ಮಾಡಲಿಲ್ಲ. ಸಂಜೆ ಅವರು ನನ್ನ ಪಕ್ಕ ಬಂದು ಕುಳಿತು, ಬಹಳ ಹೊತ್ತು ಎಲೆ ಅಡಿಕೆಯ ಚೀಲ ಬಿಚ್ಚುತ್ತ ಕಟ್ಟುತ್ತ ಇದ್ದರು.

"ಆಯ್ತು ಕಣಮ್ಮಿ. ಇಬ್ರೂ ಹಂಚ್ಕಂಡು ತಿನ್ರಿ," ಎಂದರು.

ಓರಗಿತ್ತಿ ಒಲೆಯ ಮುಂದಿದ್ದಳು. ಅಲ್ಲಿಂದಲೇ ಮೆಲ್ಲಗೆ, "ಅತ್ತೆ, ಡಾಕ್ಟ್ರು ದಿನಾ ತಗೋಬೇಕು ಅಂದವ್ರೆ," ಎಂದಳು.

"ಬಚ್ಚಿಟ್ಕಂಡು ಬಂದಾಗ ಡಾಕ್ಟ್ರ ಮಾತು ನೆಪ್ಪಿರ್ಲಿಲ್ವಾ?" ಎಂದೆ ನಾನು.

ಆಮೇಲೆ ಅವಳು ಆ ವಿಷಯ ಎತ್ತಲಿಲ್ಲ.

ನನ್ನ ಸೂಜಿ, ಬಿಳಿ ಮಾತ್ರೆಯ ಜೊತೆಗೆ ಸೋಮವಾರ, ಬುಧವಾರ, ಶುಕ್ರವಾರ ಕೆಂಪು ಮಾತ್ರೆಯೂ ನನಗೆ. ಮಂಗಳವಾರ, ಗುರುವಾರ, ಶನಿವಾರ ಅವಳಿಗೆ. ಉಳಿದದ್ದು ಭಾನುವಾರ. ಅದನ್ನು ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ಅನ್ಯಾಯ. ಅತ್ತೆ ಭಾನುವಾರ ಸ್ನಾನ ಮಾಡಿ ಬಂದು, ಮಾತ್ರೆಯ ಕೊಳವೆಯನ್ನು ಉಗುರಿನಲ್ಲಿ ಬಿಡಿಸಿ, ಒಳಗಿನ ಇಟ್ಟಿಗೆ ಬಣ್ಣದ ಪುಡಿಯನ್ನು ಎರಡು ವೀಳ್ಯದೆಲೆಯ ಮೇಲೆ ಸುರಿಯುತ್ತಿದ್ದರು. ಹಂಚಿಕಡ್ಡಿಯ ತುದಿಯಿಂದ ಆ ಕಡೆಯ ಚೂರು ಈ ಕಡೆಗೆ, ಈ ಕಡೆಯದು ಆ ಕಡೆಗೆ. ಸಮನಾಯಿತು ಎನಿಸಿದ ಮೇಲೆ ಬೆಲ್ಲ ಸೇರಿಸಿ ಮಡಚಿ ಕೊಡುವರು. ಅದನ್ನು ಮಾಡುವಾಗ ಅವರ ಮುಖದಲ್ಲಿದ್ದ ಶ್ರದ್ಧೆಯನ್ನು ನಾನು ದೇವರ ಪೂಜೆಯಲ್ಲೂ ಕಂಡಿರಲಿಲ್ಲ. ಮೈದುನನಿಗೆ ಇದು ಗೊತ್ತಿರಲಿಲ್ಲ. ಹೆಂಗಸರ ಪಾಲುಪಟ್ಟಿ ಗಂಡಸರವರೆಗೆ ಹೋಗುವ ಪದ್ಧತಿ ನಮ್ಮ ಮನೆಯಲ್ಲಿ ಇರಲಿಲ್ಲ.

ಕೆಂಪು ಮಾತ್ರೆ ತಿಂದ ದಿನ ಮೂತ್ರ ಕಿತ್ತಳೆ ಬಣ್ಣಕ್ಕೆ ಹೋಗುತ್ತದೆ. ಮೊದಲ ಸಲ ಬಚ್ಚಲಿನಲ್ಲಿ ಅದನ್ನು ಕಂಡಾಗ ನನಗೆ ಹೊಸ ಸೀರೆ ಉಟ್ಟಷ್ಟು ಸಂತೋಷವಾಯಿತು. ಬೆವರೂ ಬಣ್ಣವಾಗಿ ನನ್ನ ರವಿಕೆಯ ಕಂಕುಳಲ್ಲಿ ಕಲೆ ಬಿತ್ತು. ಅದನ್ನು ಅವಳು ನೋಡಲಿ ಎಂದು ಒಗೆದ ರವಿಕೆಯನ್ನು ಅಂಗಳದ ತಂತಿಯ ಮೇಲೆ ಹರಡುತ್ತಿದ್ದೆ. ಅವಳು ನೋಡಿ ಸುಮ್ಮನೆ ಒಳಗೆ ಹೋಗುವಳು. ಅವಳು ಸುಮ್ಮನಿದ್ದದ್ದೂ ನನಗೆ ಸೊಕ್ಕಿನಂತೆ ಕಾಣುತ್ತಿತ್ತು.

ಮೂರು ತಿಂಗಳು ಹೀಗೆ ನಡೆಯಿತು. ಅವಳ ಕೆಮ್ಮು ತಿರುಗಿ ಬಂತು. ಕೆನ್ನೆ ಇಳಿಯಿತು. ಗಂಡನಿಗೆ ಗುರುವಾರ ರಜೆ, ಅವನು ಅವಳನ್ನು ಪರೀಕ್ಷೆಗೆ ಕರೆದೊಯ್ಯುತ್ತಿದ್ದುದು ಗುರುವಾರಗಳಂದೇ. ಅವತ್ತು ಅವಳ ಸರದಿ. ಡಾಕ್ಟರು ಮೂತ್ರ ನೋಡಿದರೆ ಕೆಂಪಗೇ ಇರುತ್ತಿತ್ತು. ಮಾತ್ರೆ ನುಂಗುತ್ತಿದ್ದಾಳೆ, ರೋಗ ಯಾಕೆ ಇಳಿಯುತ್ತಿಲ್ಲ ಎಂದು ಅವರಿಗೆ ಬಗೆಹರಿಯಲಿಲ್ಲ. ಒಂದು ಬೆಳಿಗ್ಗೆ ಅವಳು ಉಗುಳಿದ್ದರಲ್ಲಿ ರಕ್ತ ಬಂತು. ಗುರುವಾರದ ತನಕ ಕಾಯುವಂತಿರಲಿಲ್ಲ. ಮೈದುನ ಶಿಫ್ಟಿನಲ್ಲಿದ್ದ. ನನ್ನನ್ನೂ ಡಾಕ್ಟರು ನೋಡಬೇಕಾಗಿತ್ತು. ನಾವಿಬ್ಬರೇ ಬಸ್ಸು ಹತ್ತಿದೆವು. ಅವತ್ತು ಬುಧವಾರ.

ಆಸ್ಪತ್ರೆಯಲ್ಲಿ ನರ್ಸು ಇಬ್ಬರ ಕೈಗೂ ಒಂದೊಂದು ಸೀಸೆ ಕೊಟ್ಟಳು. ಮೂತ್ರ ಹಿಡಿದು ತಂದುಕೊಟ್ಟೆವು. ನರ್ಸು ಚೀಟಿ ಬರೆದು ಅಂಟಿಸುವಾಗ ಕೈ ತಡೆದು, ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದಳು. ಬಿಳಿ ಮಾತ್ರೆಯವಳ ಸೀಸೆ ಕಿತ್ತಳೆ. ಕೆಂಪು ಮಾತ್ರೆಯವಳದು ನೀರು.

"ಎನ್ನಮ್ಮಾ ಇದು?" ಎಂದಳು. ಏನಿದು ಎಂದು ಕೇಳಿದ್ದು ತಿಳಿಯಲು ತಮಿಳು ಕಲಿತಿರಬೇಕಾಗಿರಲಿಲ್ಲ.

ಡಾಕ್ಟರು ಬಂದರು. ಎರಡು ಸೀಸೆ, ಎರಡು ಮುಖ ನೋಡಿದರು. ಈಗ ಇವಳು ಹೇಳುತ್ತಾಳೆ, ಊಟ ಬಿಟ್ಟದ್ದು, ಮಾತ್ರೆ ಎಸೆದದ್ದು, ಎಲ್ಲ ಹೇಳುತ್ತಾಳೆ, ಶುದ್ಧ ತಮಿಳಿನಲ್ಲಿ ಹೇಳುತ್ತಾಳೆ ಎಂದುಕೊಂಡೆ.

ಅವಳು ಹೇಳಿದಳು, ಶುದ್ಧ ತಮಿಳಿನಲ್ಲೇ. ಆ ಮಾತ್ರೆ ನುಂಗಿದರೆ ತನಗೆ ವಾಂತಿ ಬರುತ್ತಿತ್ತಂತೆ. ಬಿಸಾಡಲು ಮನಸ್ಸು ಬರದೆ, ಇದೂ ನಿನ್ನದೇ ಮಾತ್ರೆ ಎಂದು ಹೇಳಿ ಅಕ್ಕನಿಗೆ ಕೊಡುತ್ತಿದ್ದಳಂತೆ. ಅಕ್ಕನಿಗೆ ಏನೂ ಗೊತ್ತಿಲ್ಲವಂತೆ.

ಡಾಕ್ಟರು ಸಿಟ್ಟಿನ ಮನುಷ್ಯರಲ್ಲ. ಅವತ್ತು ಕೂಗಾಡಿದರು. ಒಂದು ದಿನ ಹೊಡೆದು ಒಂದು ದಿನ ಬಿಟ್ಟು, ಕೊನೆಯ ಔಷಧಿಯನ್ನೂ ಆ ಹುಳುವಿಗೆ ರೂಢಿ ಮಾಡಿಸಿಬಿಟ್ಟೆಯಲ್ಲಮ್ಮ, ಓದಿದವಳು ನೀನು, ಎಂದರು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದಳು. ನನಗೆ ಪ್ರತಿ ಮಾತೂ ಅರ್ಥವಾಗುತ್ತಿತ್ತು. ತಮಿಳು ಆಡಲು ಬಾರದು ಎಂಬ ನೆಪ ಆ ದಿನ ನನಗೆ ಚೆನ್ನಾಗಿ ಒದಗಿಬಂತು. ನಾನು ಬಾಯಿ ಬಿಡಲಿಲ್ಲ.

ಬಸ್ಸಿನಲ್ಲಿ ಕಿಟಕಿ ಪಕ್ಕ ಅವಳನ್ನು ಕೂರಿಸಿದೆ. ಬಾಯಿ ತುಂಬ ಕ್ಷಮೆ ಕೇಳಬೇಕಿತ್ತು. ಅದರ ಬದಲು ನನಗೆ ಬಂದದ್ದು ಮತ್ತೆ ಅದೇ ಉರಿ. ಒಳ್ಳೆಯವಳಾಗುವುದರಲ್ಲೂ ನನ್ನನ್ನು ಹಿಂದೆ ಹಾಕಿದಳಲ್ಲ ಎಂದು. ಮನುಷ್ಯನ ಮನಸ್ಸು ಎಂಥ ನಾಯಿ ಎಂದು ನಾನು ಯಾವ ಪುಸ್ತಕ ಓದಿಯೂ ತಿಳಿಯಬೇಕಾಗಿಲ್ಲ.

ಅತ್ತೆಗೆ ನಾನೇ ಹೇಳಿದೆ. ಅವರು ಗೂಡಿನ ಕೆಳಗೆ ಗೋಡೆಗೆ ಒರಗಿ ಕುಸಿದರು. "ನಾನು ಸಮವಾಗೇ ಹಂಚಿದ್ನಲ್ಲಮ್ಮಾ," ಎಂದರು. "ಒಂದು ಚೂರು ಯಾರಿಗೂ ಜಾಸ್ತಿ ಹೋಗ್ದಂಗೆ ಹಂಚಿದ್ನಲ್ಲ." ಆಮೇಲೆ ಅವರು ನಮ್ಮ ಮನೆಯಲ್ಲಿ ಏನನ್ನೂ ಹಂಚಲಿಲ್ಲ. ಬಡಿಸುವ ಸೌಟನ್ನು ನನ್ನ ಕೈಗೆ ಕೊಟ್ಟುಬಿಟ್ಟರು.

ಕೆಂಪು ಮಾತ್ರೆಯನ್ನು ಮತ್ತೆ ದಿನಾ ಅವಳಿಗೇ ಕೊಟ್ಟರು. ಮೂತ್ರ ದಿನಾ ಕೆಂಪಗಾಯಿತು, ಜ್ವರ ಇಳಿಯಲಿಲ್ಲ. ಕಫವನ್ನು ದೊಡ್ಡ ಊರಿಗೆ ಕಳಿಸಿ, ತಿಂಗಳುಗಟ್ಟಲೆ ಕಾದು, ಯಾವ ಔಷಧಿಯೂ ನಾಟುತ್ತಿಲ್ಲ ಎಂಬ ಉತ್ತರ ತರಿಸಿದರು. ಬೆಂಗಳೂರಿನ ಕ್ಷಯದ ಆಸ್ಪತ್ರೆಯಲ್ಲಿ ಅವಳಿಗೆ ಒಂದು ಹಾಸಿಗೆ ಸಿಕ್ಕಿತು. ಮೈದುನ ಶಿಫ್ಟು ಮುಗಿಸಿ ಅಲ್ಲಿಗೆ ಓಡುವನು.

ನನ್ನ ಸೂಜಿ ಎಂದೋ ಮುಗಿದಿತ್ತು, ಬಿಳಿ ಮಾತ್ರೆ ಒಂದೂವರೆ ವರ್ಷಕ್ಕೆ ಮುಗಿಯಿತು. ಡಾಕ್ಟರು ಪೂರ್ತಿ ವಾಸಿಯಾಗಿದೆ ಎಂದರು. ನಾನು ನನಗೆ ಗೊತ್ತಿದ್ದ ತಮಿಳು ಕೂಡಿಸಿ, ಅವಳಿಂದ ಅಂಟಿದ್ದಕ್ಕೆ ಇಷ್ಟೆಲ್ಲ ಅನುಭವಿಸಬೇಕಾಯಿತು ಎಂದೆ. ಅವರು ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ಅವಳದು ಬಿಳಿ ಮಾತ್ರೆಗೆ ಬಗ್ಗದ ಹುಳು. ನಿನ್ನದು ಕೆಂಪು ಮಾತ್ರೆ ನಿಂತ ಮೇಲೂ ಬಿಳಿ ಮಾತ್ರೆಗೇ ಸತ್ತಿತು. ಅವಳಿಂದ ಬಂದದ್ದಾಗಿದ್ದರೆ ನೀನು ಹೀಗೆ ಎದ್ದು ನಿಲ್ಲುತ್ತಿರಲಿಲ್ಲಮ್ಮ," ಎಂದರು. ನನ್ನ ತವರಿನ ಜಗಲಿಯಲ್ಲಿ ವರ್ಷಗಟ್ಟಲೆ ಕೆಮ್ಮುತ್ತಿದ್ದ ನಮ್ಮ ತಾತನ ನೆನಪಾಯಿತು. ಅವಳ ಮೇಲೆ ಹೊರಿಸಲು ನನ್ನ ಕೈಯಲ್ಲಿದ್ದ ಒಂದೇ ಒಂದು ತಪ್ಪೂ ಹೀಗೆ ಜಾರಿಹೋಯಿತು.

ಮರುದಿನ ಬೆಂಗಳೂರಿಗೆ ಹೋದೆ. ಆಸ್ಪತ್ರೆಯ ಉದ್ದ ಜಗಲಿಯಲ್ಲಿ ಮಂಚ ಹಾಕಿದ್ದರು. ಅವಳು ದಿಂಬಿಗೊರಗಿ ಕುಳಿತಿದ್ದಳು. ಕೊರಳ ಮೂಳೆಯ ಹಳ್ಳದಲ್ಲಿ ಒಂದು ಹಿಡಿ ರಾಗಿ ನಿಲ್ಲುವಂತಿತ್ತು. ನಾನು ತಂದಿದ್ದ ಗಂಜಿಯನ್ನು ಎರಡು ಚಮಚ ಕುಡಿದು ಸಾಕೆಂದಳು.

"ನಿಂದು ವಾಸಿ ಆಯ್ತಂತಲ್ಲಕ್ಕ."

"ಊ."

"ಬಿಳಿ ಮಾತ್ರೇಲೇನಾ?"

"ಊ," ಎಂದೆ. ಆಮೇಲೆ ತಡೆಯಲಾಗದೆ, "ಡಾಕ್ಟ್ರ ತಾವ ಯಾಕೆ ಅಂಗೆ ಸುಳ್ಳು ಹೇಳ್ದೆ?" ಎಂದು ಕೇಳಿದೆ.

ಅವಳು ಉಸಿರು ಕೂಡಿಸಿಕೊಂಡಳು. "ನೀನು ಒಂದ್ ದಿನಾನಾದ್ರೂ ನನ್ ಮುಂದೆ ತಲೆ ತಗ್ಗಿಸ್ಲಿ ಅಂತ," ಎಂದಳು. ತುಟಿಯ ಮೂಲೆಯಲ್ಲಿ ನಗುವಿತ್ತು. ಅದು ತಮಾಷೆಯೋ ನಿಜವೋ ನನಗೆ ಇವತ್ತಿಗೂ ತಿಳಿಯದು. "ನಾನೇನು ದೇವ್ತೆ ಅಂದ್ಕಂಡ್ಯಾ? ನೀನು ಸೂಜಿಗೆ ಹೋದಾಗ ಗೂಡಿನಾಗೆ ನಿನ್ ಡಬ್ಬ ತೆಗೆದು ನೋಡ್ತಿದ್ದೆ. ಎರಡು ಸಲ ನಿನ್ ಬಿಳಿ ಮಾತ್ರೆ ಕದ್ದು ನುಂಗ್ಬುಟ್ಟೆ."

"ಅದು ನಿಂಗೆ ನಾಟಲ್ಲ ಅಂತ ಗೊತ್ತಿತ್ತಲ್ಲೇ!"

"ಗೊತ್ತಿತ್ತು. ಆದ್ರೂ ನುಂಗ್ದೆ. ನಿನ್ನ ನೋಡಿದ್ರೆ ಹೊಟ್ಟೆ ಉರ್ಯೋದು ಕಣಕ್ಕ. ಯಾರ್ಗೂ ಬೇಡ್ದಿರೋ ಆ ಸುಣ್ಣದ ಚೂರು ತಿಂದು ಬದುಕ್ತಾಳಲ್ಲ ಇವ್ಳು, ನಂಗ್ಯಾಕೆ ಅದು ಹಿಡೀಲಿಲ್ಲ ಅಂತ. ಈಗ್ಲೂ ಉರೀತೈತೆ."

ಅವಳು ನನ್ನನ್ನು ನೋಡಿದಳು. ಆ ಕಣ್ಣು ನನಗೆ ಚೆನ್ನಾಗಿ ಗೊತ್ತು. ನಾಲ್ಕು ವರ್ಷ ನಾನು ಅವಳನ್ನು ನೋಡಿದ್ದು ಅದೇ ಕಣ್ಣಿನಿಂದ.

ನಾನು ಅವಳ ಕೈ ಹಿಡಿದುಕೊಂಡೆ. ಮೊದಲ ಸಲ ಹಿಡಿದದ್ದು.

"ಉರ್ಕೊಳ್ಳೇ," ಎಂದೆ. "ಚೆನ್ನಾಗಿ ಉರ್ಕೋ. ನಾನು ಮುದುಕಿಯಾಗಿ ಸಾಯೋಗಂಟ ನನ್ ಎದ್ರುಗೇ ಇದ್ದು ಉರ್ಕಂತಾ ಇರು."

ಅವಳು ನಕ್ಕಳು, ನಗು ಕೆಮ್ಮಾಯಿತು, ನರ್ಸು ಬಂದು ನನ್ನನ್ನು ಆಚೆಗೆ ಕಳಿಸಿದಳು. ಆ ಆಷಾಢ ಮುಗಿಯುವ ಮೊದಲೇ ಅವಳು ತೀರಿಕೊಂಡಳು. ನಾನು ಮುದುಕಿಯಾಗಿದ್ದೇನೆ.